ಒಂದೇ ವಾಕ್ಯದಲ್ಲಿ ಮೂರು ರೋಗ

ಪ್ರಿಯರೇ,

ತಾವು ಕಳುಹಿಸಿದ ‘ಕೋಳಿಮರಿಗಳಲ್ಲಿ ಪೋಷಕಾಂಶದ ಕೊರತೆ ಮತ್ತು ಸ್ನಾಯುಹಾನಿ’ ಎಂಬ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ವಿಷಯವೂ ನಮ್ಮ ಓದುಗರಿಗೆ ಬೇಕಾದದ್ದೇ. ಆದರೆ ಎರಡನೆಯ ಪ್ಯಾರಾದ ಒಂದು ವಾಕ್ಯ ನನ್ನನ್ನು ಅಲ್ಲೇ ತಡೆದು ನಿಲ್ಲಿಸಿತು. ಉಳಿದದ್ದನ್ನು ಬದಿಗಿಟ್ಟು ಅದರ ಬಗ್ಗೆಯೇ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

“ವಿಟಮಿನ್ ಇ ಕೊರತೆಯಾದ ಮರಿಗಳು ತಲೆ ತಿರುಚಿಕೊಂಡು ಬೀಳುತ್ತವೆ, ಚರ್ಮದಡಿ ನೀರು ತುಂಬಿಕೊಳ್ಳುತ್ತದೆ, ಸ್ನಾಯುಗಳು ಬೆಳ್ಳಗಾಗಿ ಸಾಯುತ್ತವೆ” ಎಂದಿದ್ದೀರಿ. ಸಾಯುವುದು ಸ್ನಾಯುವೋ ಮರಿಯೋ ಎಂಬ ಪ್ರಶ್ನೆ ಹಾಗಿರಲಿ. ಇಲ್ಲಿ ನೀವು ಹೇಳುತ್ತಿರುವುದು ಒಂದು ರೋಗವಲ್ಲ, ಮೂರು. ತಲೆ ತಿರುಚುವುದು ಕಿರುಮೆದುಳು ಊದಿ, ಮೆತ್ತಗಾಗಿ, ಅಲ್ಲಲ್ಲಿ ರಕ್ತ ಒಸರಿದಾಗ. ಅದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ವಾರದೊಳಗಿನ ಮರಿಗಳಲ್ಲಿ ಕಾಣಿಸುತ್ತದೆ, ಮತ್ತು ಅದಕ್ಕೂ ಸ್ನಾಯುವಿಗೂ ಸಂಬಂಧವಿಲ್ಲ. ಎದೆ ಮತ್ತು ಹೊಟ್ಟೆಯ ಚರ್ಮದಡಿ ಹಸಿರು ಮಿಶ್ರಿತ ನೀಲಿ ದ್ರವ ತುಂಬುವುದು ಸೂಕ್ಷ್ಮ ರಕ್ತನಾಳಗಳು ಸೋರತೊಡಗಿದಾಗ. ನಿಮ್ಮ ಶೀರ್ಷಿಕೆಗೆ ಸೇರಿದ್ದು ಮೂರನೆಯದು ಮಾತ್ರ, ಅಂದರೆ ಸುಮಾರು ನಾಲ್ಕು ವಾರದ ಮರಿಯ ಎದೆಯ ಸ್ನಾಯುವಿನ ಎಳೆಗಳು ಕ್ಷೀಣಿಸುವುದು.

ಇದು ಪಂಡಿತರ ಕೂದಲು ಸೀಳುವ ಕೆಲಸವೆಂದು ನಿಮಗೆ ಅನ್ನಿಸಬಹುದು. ಆದರೆ ಮೂರಕ್ಕೂ ವಿಟಮಿನ್ ಇ ಬೇಕಾದರೂ ಅದರ ಜೊತೆಗಾರರು ಬೇರೆ ಬೇರೆ. ಚರ್ಮದಡಿಯ ದ್ರವವನ್ನು ಸೆಲೆನಿಯಂ ಎಂಬ ಖನಿಜವೊಂದನ್ನೇ ಕೊಟ್ಟರೂ ತಡೆಯಬಹುದು. ಮೆದುಳಿನ ರೋಗದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸ್ನಾಯುವಿನ ರೋಗ ಕೋಳಿಮರಿಗೆ ಬರಬೇಕಾದರೆ ವಿಟಮಿನ್ ಇ ಜೊತೆಗೆ ಗಂಧಕವುಳ್ಳ ಅಮೈನೋ ಆಮ್ಲಗಳು, ಅಂದರೆ ಮೆಥಿಯೋನಿನ್ ಮತ್ತು ಸಿಸ್ಟೀನ್ ಕೂಡ ಕಡಿಮೆಯಾಗಿರಬೇಕು. ನಿಮ್ಮ ಲೇಖನದಲ್ಲಿ ಮೆಥಿಯೋನಿನ್ ಹೆಸರೇ ಇಲ್ಲ. ಸ್ನಾಯುಹಾನಿಯ ಲೇಖನದಲ್ಲಿ ಅದನ್ನು ಬಿಟ್ಟರೆ ರೈತ ಹಿಡಿಯಬೇಕಾದ ದಾರಿಯನ್ನೇ ಅಳಿಸಿದಂತಾಯಿತು.

ನಾನು ಒಂದು ಕೃಷಿ ಮಾಸಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ, ಅಲ್ಲಿನ ಹಿರಿಯ ಸಂಪಾದಕರು ರೋಗದ ಬಗ್ಗೆ ಬಂದ ಪ್ರತಿಯೊಂದು ಬರಹದ ಅಂಚಿನಲ್ಲೂ ‘ಯಾರು ಕಂಡರು?’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಲೇಖಕರಿಂದ ಉತ್ತರ ಬಾರದಿದ್ದರೆ ನಮ್ಮಂಥ ಹುಡುಗರನ್ನು ಪಶು ಆಸ್ಪತ್ರೆಗೆ ಅಟ್ಟುತ್ತಿದ್ದರು. ಹಾಗೆ ಹೋದಾಗ ಒಮ್ಮೆ ವೈದ್ಯರು ತಿಂಗಳ ಮರಿಯೊಂದನ್ನು ತಗಡಿನ ಮೇಲೆ ಅಂಗಾತ ಮಲಗಿಸಿ, ಎದೆಯ ಚರ್ಮವನ್ನು ಬೆರಳಿನಿಂದಲೇ ಎರಡೂ ಬದಿಗೆ ಸರಿಸಿದರು. ನಸುಗೆಂಪು ಮಾಂಸದಲ್ಲಿ, ಎಳೆ ಹರಿದ ದಿಕ್ಕಿನಲ್ಲೇ, ಸೀಮೆಸುಣ್ಣದಿಂದ ಎಳೆದಂಥ ಬಿಳಿ ಗೆರೆಗಳು. ಚರ್ಮದಡಿ ಒಂದು ಹನಿ ನೀರಿರಲಿಲ್ಲ. ಬದುಕಿದ್ದಾಗ ಅದು ತಲೆ ತಿರುಚಿದ್ದನ್ನು ಸಾಕಿದವರು ಕಂಡಿರಲಿಲ್ಲ. ನಿಮ್ಮ ವಾಕ್ಯ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಮರಿ.

ನನಗೆ ಸಿಟ್ಟು ಬರಿಸಿದ ಇನ್ನೊಂದು ವಾಕ್ಯ ಪರಿಹಾರದ ಭಾಗದಲ್ಲಿದೆ: “ಆಹಾರಕ್ಕೆ ಸ್ವಲ್ಪ ಸೆಲೆನಿಯಂ ಬೆರೆಸಿದರೆ ಸಾಕು.” ಮಾಂಸದ ಕೋಳಿಮರಿಗೆ ಬೇಕಾದ ಸೆಲೆನಿಯಂ ಒಂದು ಕೆ.ಜಿ. ಆಹಾರಕ್ಕೆ 0.15 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ, ಒಂದು ಟನ್ ಆಹಾರಕ್ಕೆ 150 ಮಿಲಿಗ್ರಾಂ. ಎರಡು ಬೆರಳಲ್ಲಿ ಹಿಡಿದ ಉಪ್ಪು ಅದಕ್ಕಿಂತ ಹೆಚ್ಚು ತೂಗುತ್ತದೆ. ಅದೇ ಸೆಲೆನಿಯಂ ಕೆ.ಜಿ.ಗೆ 5 ಮಿಲಿಗ್ರಾಂ ಮುಟ್ಟಿದರೆ, ಅದನ್ನು ತಿಂದ ಕೋಳಿಯ ಮೊಟ್ಟೆಯೊಳಗಿನ ಮರಿ ವಿಕಾರಗೊಳ್ಳುತ್ತದೆ. ಇದನ್ನು ಯಾವ ರೈತನೂ ಮನೆಯಲ್ಲಿ ಕೈಯಿಂದ ಬೆರೆಸುವಂತಿಲ್ಲ. ಕಾರ್ಖಾನೆಯಲ್ಲಿ ಮೊದಲೇ ಹದವಾಗಿ ಬೆರೆಸಿಟ್ಟ ಖನಿಜ ಮಿಶ್ರಣದ ಮೂಲಕವೇ ಕೊಡಬೇಕು. ಪತ್ರಿಕೆಯಲ್ಲಿ ಅಚ್ಚಾದದ್ದನ್ನು ನಂಬಿ ಚಮಚ ಹಿಡಿಯುವವರಿದ್ದಾರೆ. ಹಾಗಾಗಿ ನಿಮ್ಮ ಆ ‘ಸ್ವಲ್ಪ’ವನ್ನು ನಾನು ಅಚ್ಚಿಗೆ ಕೊಡಲಾರೆ.

ಇಷ್ಟು ಹೇಳಿಯೂ ಲೇಖನವನ್ನು ಹಿಂದಿರುಗಿಸದೆ ಉತ್ತರ ಬರೆಯಲು ಕಾರಣವಿದೆ. ಏಳನೆಯ ಪ್ಯಾರಾದಲ್ಲಿ, ಏನೂ ಅಲ್ಲವೆಂಬಂತೆ, ನಿಮ್ಮ ಪಕ್ಕದ ಮನೆಯವರು ಗಿರಿರಾಜ ತಳಿಯ ಮರಿಗಳಿಗೆ ಮಳೆಗಾಲವಿಡೀ ಹಿತ್ತಿಲ ಕೊಟ್ಟಿಗೆಯಲ್ಲಿಟ್ಟಿದ್ದ ಅಕ್ಕಿ ತೌಡನ್ನೇ ಹೆಚ್ಚಾಗಿ ತಿನ್ನಿಸಿದರೆಂದೂ ತೌಡು ಕಮಟು ನಾರುತ್ತಿತ್ತೆಂದೂ ಬರೆದಿದ್ದೀರಿ. ನಿಮ್ಮ ಲೇಖನದ ಜೀವ ಇರುವುದು ಅಲ್ಲೇ. ತೌಡಿನಲ್ಲಿ ಎಣ್ಣೆಯಂಶ ಬಹಳ. ತೇವದಲ್ಲಿ ದಿನಗಟ್ಟಲೆ ಇಟ್ಟರೆ ಆ ಎಣ್ಣೆ ಹಳಸುತ್ತದೆ, ಹಳಸುವಾಗ ತನ್ನಲ್ಲಿದ್ದ ವಿಟಮಿನ್ ಇ ಅನ್ನೂ ಜೊತೆಗೆ ಬೆರೆಸಿದ ಆಹಾರದಲ್ಲಿದ್ದುದನ್ನೂ ನಾಶಮಾಡುತ್ತದೆ. ಮರಿಯ ಹೊಟ್ಟೆ ಸೇರಿದ ಹಳಸಿದ ಕೊಬ್ಬು ಜೀವಕೋಶಗಳ ಪೊರೆಯನ್ನು ಕೆಡಿಸತೊಡಗಿದಾಗ ತಡೆಯಬೇಕಾದದ್ದು ಅದೇ ವಿಟಮಿನ್. ಅಷ್ಟರಲ್ಲಿ ಅದು ಮುಗಿದಿರುತ್ತದೆ. ಚೀಲದ ಮೇಲೆ ಅಚ್ಚಾದ ಪ್ರಮಾಣ ಸರಿಯಿದ್ದರೂ ಕೊರತೆ ಬರುವ ಬಗೆ ಇದು. ‘ಪೋಷಕಾಂಶದ ಕೊರತೆ’ ಎಂದು ಮೇಲಿನಿಂದ ಹೇಳಿದಾಗ ಕಾಣದ ಆ ಕೊಟ್ಟಿಗೆ, ಆ ತೌಡಿನ ಮೂಟೆಯಿಂದ ಶುರುಮಾಡಿದರೆ ತಾನಾಗಿಯೇ ಕಾಣುತ್ತದೆ.

ಮತ್ತೆ ಬರೆಯುವುದಾದರೆ ಆ ಮರಿಗಳಿಗೆ ಎಷ್ಟು ವಾರವಾಗಿತ್ತು, ತೌಡು ಗಿರಣಿಯಿಂದ ಯಾವ ತಿಂಗಳು ಬಂದಿತ್ತು, ಜೊತೆಗೆ ಬೇರೆ ಏನು ಹಾಕುತ್ತಿದ್ದರು ಎಂಬುದನ್ನು ಅವರನ್ನೇ ಕೇಳಿ ತಿಳಿದುಕೊಳ್ಳಿ. ಸತ್ತ ಮರಿಯನ್ನು ಯಾರಾದರೂ ಕೊಯ್ದು ನೋಡಿದ್ದರೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಯಾರೂ ನೋಡಿರದಿದ್ದರೆ ಹಾಗೆಂದೇ ಬರೆಯಿರಿ. ಪುಟ ಮೂರನ್ನು ದಾಟುವುದು ಬೇಡ.

ಇತಿ,
ಸಂಪಾದಕ