ಮಾರ್ಚ್ ಬಂತಂದ್ರೆ ಸೇಠ್ ಯಾಕೆ ಮಷಿನ್ ಹುಡುಕ್ತಾರೆ?

ಪ್ರಶ್ನೆ: ಸರ್, ನಾನು ಅಥಣಿ ಕಡೆಯವ, ಪುಣೆಗೆ ಬಂದು 14 ವರ್ಷ ಆಯ್ತು. ಮೊದ್ಲು ಚಾಕಣದಲ್ಲಿ ಒಂದು ಫಾರಿನ್ ಕಂಪನಿಯ ಅಕೌಂಟ್ಸ್‌ನಲ್ಲಿದ್ದೆ, ಅಲ್ಲಿ ಅಡ್ವಾನ್ಸ್ ಟ್ಯಾಕ್ಸ್ (ವರ್ಷ ಮುಗಿಯೋ ಮುಂಚೆ ಕಂತಲ್ಲಿ ಕಟ್ಟೋ ಇನ್‌ಕಮ್ ಟ್ಯಾಕ್ಸ್) ತಾರೀಖು ತಪ್ಪಿದ್ದೇ ಇಲ್ಲ. ಈಗ ಭೋಸರಿ ಎಂಐಡಿಸಿಯಲ್ಲಿ (ಸರ್ಕಾರಿ ಕೈಗಾರಿಕಾ ಪ್ರದೇಶ) ತಗಡು ಒತ್ತೋ ಪ್ರೆಸ್ ಶಾಪ್, ಅಪ್ಪ-ಮಕ್ಕಳ ಪ್ರೈವೇಟ್ ಲಿಮಿಟೆಡ್. ಇಲ್ಲಿ ಡಿಸೆಂಬರ್ ಕಂತು ಕಟ್ಟೋದೇ ಇಲ್ಲ, ಮಾರ್ಚ್ 20 ದಾಟಿದ ಮೇಲೆ ಸೇಠ್ "ಪ್ರಾಫಿಟ್ ಜಾಸ್ತಿ ಕಾಣ್ತಿದೆ, ಒಂದು ಮಷಿನ್ ತಗೊಂಡುಬಿಡೋಣ" ಅಂತಾರೆ. ಎರಡೂ ಕಡೆ ಮಾಡೋದು ಗಾಡಿ ಪಾರ್ಟೇ. ಹಂಗಾದ್ರೆ ದೊಡ್ಡವರು ಪ್ರಾಮಾಣಿಕರು, ಸಣ್ಣವರು ಕಳ್ಳರು ಅಂತಾನಾ?
— ಒಬ್ಬ ಓದುಗ, ಆಕುರ್ಡಿ

ಉತ್ತರ: ಅಲ್ಲ ರೀ. ಯಾರ ಜೇಬಿನ ದುಡ್ಡು, ಯಾರ ಕಣ್ಣು ಅದರ ಮೇಲಿದೆ, ಅದನ್ನ ನೋಡ್ರಿ. ಚಾಕಣದಲ್ಲಿ ನಿಮ್ಮ ಮ್ಯಾನೇಜರು ಕಟ್ಟಿದ್ದು ಅವರ ಸ್ವಂತ ದುಡ್ಡಲ್ಲ, ತಾರೀಖು ತಪ್ಪಿದ್ರೆ ಹೋಗೋದು ಅವರ ನೌಕರಿ. ಅಲ್ಲಿ ಉಳಿತಾಯ ಮಾಡೋ ಜಾಗವೇ ಬೇರೆ, ಮಾತೃ ಕಂಪನಿಗೆ ರಾಯಲ್ಟಿ, ಟೆಕ್ನಿಕಲ್ ಫೀ, ಅವರ ಸಾಲದ ಬಡ್ಡಿ ಅಂತ ಲಾಭ ಹೊರಗೆ ಹೋಗ್ತದೆ, ಆ ಫೈಲು ನಿಮ್ಮ ಟೇಬಲ್‌ಗೆ ಬರೋದೇ ಇಲ್ಲ. ಸರ್ಕಾರಕ್ಕೂ ಇದು ಗೊತ್ತು, ಅದಕ್ಕೇ 2017ರಲ್ಲಿ ನಿಯಮ ತಂದು ವಿದೇಶಿ ಸಂಬಂಧಿ ಕಂಪನಿಗೆ ಕೊಡೋ ಬಡ್ಡಿ 1 ಕೋಟಿ ದಾಟಿದ್ರೆ ಬಡ್ಡಿ, ತೆರಿಗೆ, ಸವಕಳಿ (ಮಷಿನ್ ಸವೆತ ಅಂತ ವರ್ಷಾವರ್ಷ ತೋರಿಸೋ ಖರ್ಚು) ಕಳೆಯೋಕೆ ಮುಂಚಿನ ಲಾಭದ 30% ಮಾತ್ರ ಖರ್ಚಿಗೆ ಹಾಕಬಹುದು ಅಂತ ಕಟ್ಟಿಹಾಕಿದ್ರು.

ನಿಮ್ಮ ಸೇಠ್‌ಗೆ ಈ ದಾರಿ ಇಲ್ಲ, ಇರೋದು ಮನೆಮಂದಿ. ಹೆಂಡತಿ ಡೈರೆಕ್ಟರ್, ಶೆಡ್ಡು ತಾಯಿ ಹೆಸರಲ್ಲಿ, ಬಾಡಿಗೆ ಕಂಪನಿಯಿಂದ, ಹೌದಲ್ವಾ? 2020ರ ಏಪ್ರಿಲ್‌ನಿಂದ ಡಿವಿಡೆಂಡ್ (ಷೇರುದಾರರಿಗೆ ಹಂಚೋ ಲಾಭ) ಮೇಲಿನ ಟ್ಯಾಕ್ಸು ಷೇರುದಾರನ ತಲೆಗೇ ಬಂತು, ಅದಾದ ಮೇಲಂತೂ ಡಿವಿಡೆಂಡ್ ತಗೊಳ್ಳೋಕಿಂತ ಸಂಬಳ, ಬಾಡಿಗೆ ತಗೊಳ್ಳೋದೇ ಅವರಿಗೆ ಸಲೀಸು. ಮಾರ್ಕೆಟ್ ರೇಟಿನಲ್ಲಿದ್ರೆ ತಪ್ಪೇನಿಲ್ಲ, ಹೆಚ್ಚು ಕೊಟ್ಟಿದ್ದನ್ನ ಮಾತ್ರ ಆಫೀಸರು ಕತ್ತರಿಸ್ತಾರೆ. ಮಗನ ಮದುವೆಗೆ ಅಂತ ಕಂಪನಿಯಿಂದ ಸಾಲ ಎತ್ತಿದ್ರೆ ಅದನ್ನೇ ಡಿವಿಡೆಂಡ್ ಅಂತ ಹಿಡೀತಾರೆ, ಇದನ್ನ ಸೇಠ್ ಕಿವಿಗೆ ಹಾಕಿರಿ.

ಅಮೆರಿಕದ ಲಿಸ್ಟೆಡ್ ಕಂಪನಿಗಳ ಮೇಲೆ 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕುಟುಂಬದ ಕಂಪನಿಗಳೇ ಟ್ಯಾಕ್ಸ್ ವಿಷಯದಲ್ಲಿ ಕಮ್ಮಿ ಚಾಲಾಕಿ ಮಾಡ್ತಾವೆ ಅಂತ ಕಂಡಿತ್ತು, ಹೊರಗಿನ ಷೇರುದಾರರು ಸಂಶಯಪಟ್ಟರೆ ಷೇರಿನ ಬೆಲೆ ಬೀಳ್ತದೆ ಅನ್ನೋ ಭಯ. ಭೋಸರಿ ಶೆಡ್ಡಿನಲ್ಲಿ ಹೊರಗಿನ ಷೇರುದಾರ ಎಲ್ಲಿ ಬರಬೇಕು! ಇಲ್ಲಿ ಆ ಭಯ ಹುಟ್ಟಿಸೋನು ಬ್ಯಾಂಕ್ ಮ್ಯಾನೇಜರ್ ಒಬ್ಬನೇ. ಸಿಸಿ ಲಿಮಿಟ್ (ದಿನದ ವ್ಯವಹಾರಕ್ಕೆ ಬ್ಯಾಂಕ್ ಕೊಡೋ ಸಾಲದ ಮಿತಿ) ಏರಿಸಬೇಕಾದ ವರ್ಷ ಇದೇ ಸೇಠ್ "ಪ್ರಾಫಿಟ್ ಚೆನ್ನಾಗಿ ತೋರಿಸು" ಅಂತಾರೆ, ಟ್ಯಾಕ್ಸು ಹೋದ್ರೂ ಹೋಗ್ಲಿ ಅಂತ. ಹಳೇ ರಿಟರ್ನ್ ತೆಗೆದು ನೋಡ್ರಿ, ಲಾಭ ಜಿಗಿದ ವರ್ಷಕ್ಕೂ ಲೋನ್ ಬಂದ ವರ್ಷಕ್ಕೂ ತಾಳೆ ಆಗ್ತದೆ.

ಇನ್ನು ಮಷಿನ್ ಲೆಕ್ಕ. 40 ಲಕ್ಷದ ಪ್ರೆಸ್ಸು, ಸವಕಳಿ 15%. ವರ್ಷದಲ್ಲಿ 180 ದಿನಕ್ಕಿಂತ ಕಮ್ಮಿ ಓಡಿದ್ರೆ ಅರ್ಧ, ಅಂದ್ರೆ 3 ಲಕ್ಷ, ಲಾಭದಿಂದ ಕಳೆಯೋದು ಇಷ್ಟೇ. ನಿಮ್ಮ ಕಂಪನಿ 2019ರಲ್ಲಿ ಬಂದ 22% ಟ್ಯಾಕ್ಸಿನ ಸ್ಕೀಮಲ್ಲಿದ್ರೆ ಸರ್ಚಾರ್ಜ್, ಸೆಸ್ ಸೇರಿ 25.168%, ಆ ವರ್ಷ ಉಳಿಯೋದು 75,504 ರೂಪಾಯಿ. ಅದಕ್ಕೆ 40 ಲಕ್ಷ ಸಾಲ, 10% ಅಂದ್ರೂ ವರ್ಷಕ್ಕೆ 4 ಲಕ್ಷ ಬಡ್ಡಿ! ಆರ್ಡರ್ ಇದ್ರೆ ತಗೊಳ್ಳಲಿ, ಉಳಿದ ಸವಕಳಿ ಮುಂದಿನ ವರ್ಷಗಳಲ್ಲಿ ಸಿಗ್ತದೆ, ಆದ್ರೆ ಟ್ಯಾಕ್ಸ್ ಉಳಿಸೋಕೆ ಅಂತ ತಗೊಂಡ್ರೆ ಅದು ಇಲಿ ಹಿಡಿಯೋಕೆ ಗುಡ್ಡ ಅಗೆದಂಗೆ. ಬರೀ ಬಿಲ್ಲು ಮಾರ್ಚ್ 31ಕ್ಕೆ ಬಂದ್ರೆ ಸಾಲದು, ಮಷಿನ್ ಕೂರಿಸಿ ಕೆಲಸಕ್ಕೆ ಹಚ್ಚಿರಬೇಕು. ಟ್ರಕ್ಕು ಗೇಟ್ ಹೊರಗೆ ನಿಂತ ಫೋಟೋ ತೋರಿಸಿದ್ರೆ ನಡೆಯಲ್ಲ.

ಡಿಸೆಂಬರ್ ಕಂತು ಬಿಡೋದು ಕಳ್ಳತನ ಅಲ್ಲ, ಕೈ ಬಿಗಿ. ಸರ್ಕಾರಕ್ಕೆ ತಿಂಗಳಿಗೆ 1% ಬಡ್ಡಿ, ಬಜಾರಿನ ಸಾಲ ಇನ್ನೂ ತುಟ್ಟಿ, ಅದಕ್ಕೆ ಸರ್ಕಾರವೇ ಅಗ್ಗದ ಸಾಹುಕಾರ ಅನ್ನಿಸ್ತದೆ. ಆದ್ರೆ ಈ ಬಡ್ಡಿನ ಖರ್ಚಿಗೆ ಹಾಕೋಕೆ ಬಿಡಲ್ಲ, ಬ್ಯಾಂಕ್ ಬಡ್ಡಿ ಹಾಕಬಹುದು, ಹಂಗಾಗಿ ವರ್ಷಕ್ಕೆ 12% ಅಂತ ಕಾಣೋದು ಬ್ಯಾಂಕ್ ಸಾಲಕ್ಕೆ ಹೋಲಿಸಿದ್ರೆ ನಿಜಕ್ಕೂ 16% ಹತ್ರ ಬೀಳ್ತದೆ. ಟಿಡಿಎಸ್ (ಬೇರೆಯವರಿಗೆ ಕೊಡೋವಾಗ ಹಿಡಿದಿಟ್ಟ ಟ್ಯಾಕ್ಸ್) ದುಡ್ಡಿಗೆ ಮಾತ್ರ ಕೈ ಹಾಕೋಕೆ ಬಿಡಬೇಡ್ರಿ, ಅದು ಇನ್ನೊಬ್ಬರ ದುಡ್ಡು, ತಡ ಆದ್ರೆ ಬಡ್ಡಿ ತಿಂಗಳಿಗೆ 1.5%, ಮೇಲೆ ಕೇಸಿನ ತನಕ ಹೋಗಬಹುದು.

ಪ್ರಶ್ನೆ: ನಮ್ಮ ಅಣ್ಣನದು ಥಾಣೆಯಲ್ಲಿ ಸಣ್ಣ ಪ್ರೈವೇಟ್ ಲಿಮಿಟೆಡ್ ಫ್ಯಾಕ್ಟರಿ, ನಾಲ್ಕು ವರ್ಷದಿಂದ ಲಾಸು. ಒಬ್ಬರು 60% ಷೇರು ಕೇಳ್ತಿದ್ದಾರೆ, "ನಿಮ್ಮ ಲಾಸು ನಮ್ಮ ಟ್ಯಾಕ್ಸಿಗೆ ಬರ್ತದೆ" ಅಂತ. ಬರ್ತದಾ?
— ಓದುಗರು, ಡೊಂಬಿವಲಿ

ಉತ್ತರ: ಮೊದಲನೇದು, ಲಾಸು ಕಂಪನಿದು, ಕೊಳ್ಳೋರ ಸ್ವಂತ ಟ್ಯಾಕ್ಸಿಗೆ ಬರಲ್ಲ. ಇನ್ನು ಕಂಪನಿಗಾದ್ರೂ ಉಳೀತದಾ ಅಂದ್ರೆ, ಇಂಥ ಕಂಪನಿಯಲ್ಲಿ ಲಾಸ್ ಆದ ವರ್ಷ ಷೇರು ಇದ್ದವರ ಕೈಯಲ್ಲೇ ಕನಿಷ್ಠ 51% ವೋಟಿಂಗ್ ಇರಬೇಕು, 60% ಹೊರಗಿನವರಿಗೆ ಹೋಯ್ತು ಅಂದ್ರೆ ವ್ಯಾಪಾರದ ಲಾಸು ಅಲ್ಲಿಗೆ ಮುಗೀತು. ಕಳೆಯದೆ ಉಳಿದ ಸವಕಳಿ ಮಾತ್ರ ಉಳೀತದೆ, ಅದಕ್ಕೆ ವರ್ಷದ ಮಿತಿಯೂ ಇಲ್ಲ, ಲಾಸಿಗೆ 8 ವರ್ಷ. ಅಣ್ಣ ತನ್ನ ಮಗನಿಗೆ ಗಿಫ್ಟ್ ಕೊಟ್ರೆ ಈ ತೊಂದರೆ ಇಲ್ಲ. ಮಾರೋದೇ ಆದ್ರೆ ಟ್ಯಾಕ್ಸ್ ರಿಟರ್ನ್ ನೋಡಿ ಎಷ್ಟು ಲಾಸು, ಎಷ್ಟು ಸವಕಳಿ ಅಂತ ಬೇರೆ ಬೇರೆ ಬರೆಸಿ, ಆಮೇಲೆ ರೇಟು ಮಾತಾಡ್ರಿ.