169.254 ಐಪಿ ಪ್ರಶ್ನೆಗೆ ತಯಾರಿ: ವಿಶ್ವವಿದ್ಯಾಲಯದ ಐಟಿ ಸಪೋರ್ಟ್ ಹುದ್ದೆ

ಸಿಸಿಎನ್‌ಎ (ಸಿಸ್ಕೋದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ) ಪೂರ್ತಿ ಓದಿದ್ದರೂ ಪ್ರಾಕ್ಟಿಕಲ್‌ನಲ್ಲಿ "ಹಾಸ್ಟೆಲ್ ಪಿಸಿಗೆ 169.254 ಐಪಿ ಬಂದಿದೆ, ಏನು ಮಾಡ್ತೀರಿ?" ಅಂದಾಗ ಉತ್ತರ ಹೊಳೆಯಲಿಲ್ಲ ಎಂದಿದ್ದೀರಿ. 169.254 ಎಂದರೆ ಡಿಎಚ್‌ಸಿಪಿ ಸರ್ವರ್‌ನಿಂದ (ಪಿಸಿಗಳಿಗೆ ಐಪಿ ಹಂಚುವ ಸರ್ವರ್) ಉತ್ತರ ಬಾರದೆ ಪಿಸಿ ತಾನೇ ಹಾಕಿಕೊಂಡ ಐಪಿ. ಬಹುಶಃ ನೀವು ಡಿಎಚ್‌ಸಿಪಿಯನ್ನು ಒಂದೇ ನೆಟ್‌ವರ್ಕ್‌ನೊಳಗೆ ಮಾತ್ರ ಮಾಡಿ ನೋಡಿದ್ದೀರಿ. ಕ್ಯಾಂಪಸ್‌ನಲ್ಲಿ ಹಾಸ್ಟೆಲ್, ಲ್ಯಾಬ್, ಆಫೀಸು ಸಾಮಾನ್ಯವಾಗಿ ಬೇರೆ ಬೇರೆ ವಿಲ್ಯಾನ್ (ಸ್ವಿಚ್‌ನಲ್ಲೇ ಬೇರ್ಪಡಿಸಿದ ನೆಟ್‌ವರ್ಕ್). ಪಿಸಿಯ ಡಿಎಚ್‌ಸಿಪಿ ಕೋರಿಕೆ ಬ್ರಾಡ್‌ಕಾಸ್ಟ್ (ತನ್ನ ನೆಟ್‌ವರ್ಕ್‌ನ ಎಲ್ಲರಿಗೂ ಹೋಗುವ ಸಂದೇಶ), ಅದು ತಾನಾಗಿ ರೂಟರ್ ದಾಟುವುದಿಲ್ಲ, ಹಾಗಾಗಿ ಬೇರೆ ವಿಲ್ಯಾನ್‌ನಲ್ಲಿರುವ ಸರ್ವರ್‌ಗೆ ತಲುಪುವುದಿಲ್ಲ.

ಮೊದಲು ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಿಂದ ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್) ಇಳಿಸಿಕೊಳ್ಳಿ, ಉಚಿತ. 10, 20, 30 ಎಂದು ಮೂರು ವಿಲ್ಯಾನ್ ಮಾಡಿ, ಡಿಎಚ್‌ಸಿಪಿ ಸರ್ವರನ್ನು 30ರಲ್ಲಿಡಿ, ಸ್ವಿಚ್‌ನಿಂದ ರೂಟರ್‌ಗೆ ಟ್ರಂಕ್ (ಎಲ್ಲ ವಿಲ್ಯಾನ್‌ಗಳನ್ನೂ ಒಯ್ಯುವ ಲಿಂಕ್) ಕೊಡಿ. 10 ಮತ್ತು 20ರ ಸಬ್‌ಇಂಟರ್‌ಫೇಸ್‌ನಲ್ಲಿ (ರೂಟರ್ ಪೋರ್ಟ್‌ನಲ್ಲಿ ಆ ವಿಲ್ಯಾನ್‌ಗೆಂದು ಮಾಡಿದ ಭಾಗ) 'ಐಪಿ ಹೆಲ್ಪರ್-ಅಡ್ರೆಸ್' ಕಮಾಂಡ್ ಜೊತೆ ಸರ್ವರ್‌ನ ಐಪಿ ಹಾಕಿ, ಆಗ ರೂಟರ್ ಕೋರಿಕೆಯನ್ನು ಸರ್ವರ್‌ಗೆ ಕಳಿಸುತ್ತದೆ. ಇದನ್ನು ಸರ್ವರ್ ಕಡೆಯ ಇಂಟರ್‌ಫೇಸ್‌ಗೆ ಹಾಕಿದರೆ ಕೆಲಸಕ್ಕೆ ಬಾರದು. ಸರ್ವರ್‌ನಲ್ಲಿ ಪ್ರತಿ ವಿಲ್ಯಾನ್‌ಗೂ ಪ್ರತ್ಯೇಕ ಪೂಲ್ (ಹಂಚಲು ಇಟ್ಟ ಐಪಿಗಳ ಗುಂಪು), ಅದರದೇ ಗೇಟ್‌ವೇ (ಆ ವಿಲ್ಯಾನ್‌ನ ರೂಟರ್ ಐಪಿ) ಇರಲಿ.

ನಡೆದ ಮೇಲೆ ನೀವೇ ಕೆಡಿಸಿ ನೋಡಿ, ಅಸಲಿ ತಯಾರಿ ಇದೇ. ಹೆಲ್ಪರ್ ತೆಗೆದರೆ ಆ ವಿಲ್ಯಾನ್‌ನಲ್ಲಿ ಹೊಸದಾಗಿ ಐಪಿ ಕೇಳುವ ಪ್ರತಿ ಪಿಸಿಗೂ 169.254. ಪೂಲ್ ಮುಗಿದರೆ ಹಳಬರಿಗೆ ನಡೆಯುತ್ತದೆ, ಹೊಸಬರಿಗೆ ಇಲ್ಲ. ಪೋರ್ಟ್ ತಪ್ಪು ವಿಲ್ಯಾನ್‌ನಲ್ಲಿದ್ದರೆ ಐಪಿ ಬರುತ್ತದೆ, ಆದರೆ ಬೇರೆ ರೇಂಜಿನದು.

ಸಂದರ್ಶನದಲ್ಲೂ ಇದೇ ಕ್ರಮದಲ್ಲಿ ಹೇಳಿ: ಪೋರ್ಟ್ ಲೈಟ್ ಉರಿಯುತ್ತಿದೆಯೇ, ಒಬ್ಬರಿಗೋ ಎಲ್ಲರಿಗೋ, ಪೋರ್ಟ್ ಯಾವ ವಿಲ್ಯಾನ್, ಹೆಲ್ಪರ್ ಇದೆಯೇ, ಪೂಲ್‌ನಲ್ಲಿ ಐಪಿ ಉಳಿದಿದೆಯೇ.