ಅಕೌಂಟ್ ಕೇಳುವುದು ಹೇಗೆ, ಸಿಕ್ಕ ಮೇಲೆ ಸಹಾಯ ಕೇಳುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಸಂಶೋಧನೆಗೆ ಸರ್ಕಾರದ ಸೂಪರ್ ಕಂಪ್ಯೂಟರ್ ಬಳಸುವುದು. ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ಕೇಂದ್ರದಲ್ಲಿ ಹದಿನೆಂಟು ವರ್ಷ ಬಳಕೆದಾರರ ದೂರು ನೋಡಿಕೊಂಡವಳು ನಾನು. ಹಾಗಾಗಿ ಅಂಕಣ ಪೂರ್ತಿ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾನು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಒಂದು ಪ್ರೋಟೀನ್ ಮತ್ತು ಅದರ ಬದಲಾದ ರೂಪ, ಎರಡರ ಚಲನೆಯನ್ನೂ ಅಣುಗಳ ಚಲನೆ ಲೆಕ್ಕ ಹಾಕುವ ತಂತ್ರಾಂಶ ಗ್ರೋಮ್ಯಾಕ್ಸ್‌ನಲ್ಲಿ 100 ನ್ಯಾನೊಸೆಕೆಂಡ್ ನೋಡಬೇಕು. ಲ್ಯಾಬಿನ 8 ಕೋರ್ (ಪ್ರೊಸೆಸರಿನ ಒಳಗಿನ ಲೆಕ್ಕದ ಘಟಕ) ಕಂಪ್ಯೂಟರ್ 19 ದಿನ ಓಡಿ 60 ನ್ಯಾನೊಸೆಕೆಂಡ್ ಮುಗಿಸಿತ್ತು. ಆಗ ಕರೆಂಟ್ ಹೋಯಿತು. ಎಲ್ಲ ನೀರಲ್ಲಿ ಹೋಮ. ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗ ಅಲ್ಲಿನವರಿಗೆ ಮಾತ್ರನಾ? ನಮ್ಮಂಥ ರಾಜ್ಯ ವಿಶ್ವವಿದ್ಯಾಲಯದವರು ಕೇಳಬಹುದಾ? ಕೇಳೋಕೆ ಮುಜುಗರ. (ಓದುಗರು, ಧಾರವಾಡ)

ಉತ್ತರ: ಮೊದಲು ಒಳ್ಳೆ ಸುದ್ದಿ ಹೇಳಿಬಿಡುತ್ತೇನೆ. ಆ 19 ದಿನ ಹಾಳಾಗಿಲ್ಲ. ಗ್ರೋಮ್ಯಾಕ್ಸ್ ನೀವು ಹೇಳದಿದ್ದರೂ 15 ನಿಮಿಷಕ್ಕೊಮ್ಮೆ ತಾನಿರುವ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುತ್ತದೆ. ಓಡಿಸಿದ ಫೋಲ್ಡರಿನಲ್ಲಿ ‘ಸಿಪಿಟಿ’ (.cpt) ಎಂದು ಕೊನೆಯಾಗುವ ಫೈಲ್ ಇದೆಯಾ ನೋಡಿ. ಇದ್ದರೆ, ಓಟ ಶುರು ಮಾಡುವ ಎಂಡಿರನ್ (mdrun) ಕಮ್ಯಾಂಡಿನ ಜೊತೆ ‘ಸಿಪಿಐ’ (-cpi) ಆಯ್ಕೆ ಕೊಟ್ಟು ಆ ಫೈಲಿನ ಹೆಸರು ಬರೆಯಿರಿ. ಕರೆಂಟ್ ಹೋಗುವ ಸ್ವಲ್ಪ ಮೊದಲು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಫೋಲ್ಡರ್ ಅಳಿಸಿಲ್ಲ ತಾನೇ? ದಯವಿಟ್ಟು ಅಳಿಸಬೇಡಿ.

ಇನ್ನು ನಿಮ್ಮ ಪ್ರಶ್ನೆ. ಕೇಳಬಹುದು, ಕೇಳಲೇಬೇಕು. ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ 2015ರಲ್ಲಿ ಶುರುವಾಯಿತು. ಅಂದಾಜು ವೆಚ್ಚ 4,500 ಕೋಟಿ ರೂಪಾಯಿ. ಅದು ನಿಮ್ಮ ಅಪ್ಪ ಅಮ್ಮನ ತೆರಿಗೆಯ ದುಡ್ಡೂ ಹೌದು. ಈ ಮಿಷನ್ನಿನ ಕೆಲಸದ ಹೊಣೆ ಹೊತ್ತಿದ್ದು ಸಿ-ಡ್ಯಾಕ್ (ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) ಮತ್ತು ಐಐಎಸ್‌ಸಿ. ಮೊದಲ ಯಂತ್ರ ಪರಮ್ ಶಿವಾಯ್ 2019ರಲ್ಲಿ ವಾರಾಣಸಿಗೆ ಬಂತು. ಬೆಂಗಳೂರೊಂದರಲ್ಲೇ ಮೂರಿವೆ: ಜವಾಹರಲಾಲ್ ನೆಹರು ಕೇಂದ್ರದಲ್ಲಿ ಪರಮ್ ಯುಕ್ತಿ, ಸಿ-ಡ್ಯಾಕ್‌ನಲ್ಲಿ ಪರಮ್ ಉತ್ಕರ್ಷ್, ಐಐಎಸ್‌ಸಿಯಲ್ಲಿ 2022ರಿಂದ ಪರಮ್ ಪ್ರವೇಗ. ಪ್ರವೇಗದ ಶಕ್ತಿ 3.3 ಪೆಟಾಫ್ಲಾಪ್. ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದರ ಮುಂದೆ ಹದಿನೈದು ಸೊನ್ನೆಯಷ್ಟು ಲೆಕ್ಕ. ಯಂತ್ರ ಇಟ್ಟುಕೊಂಡ ಸಂಸ್ಥೆಯವರಿಗೆ ಮೊದಲ ಪಾಲು, ಅದು ಸಹಜ. ಆದರೆ ಹೊರಗಿನ ಸಂಶೋಧಕರಿಂದಲೂ ಅರ್ಜಿ ತೆಗೆದುಕೊಳ್ಳುವ ಕೇಂದ್ರಗಳಿವೆ. ನಿಯಮ ಮತ್ತು ದರ ಒಂದೊಂದು ಕಡೆ ಒಂದೊಂದು ಥರ. ಒಂದೇ ಕಡೆ ಕೇಳಿ ಸುಮ್ಮನಾಗಬೇಡಿ. ಎರಡು ಮೂರು ಕಡೆ ವಿಚಾರಿಸಿ.

ಅರ್ಜಿ ನಿಮ್ಮ ಗೈಡ್ ಹೆಸರಿನಲ್ಲಿ ಹೋಗಬೇಕು. ಅವರು ಪ್ರಾಜೆಕ್ಟಿನ ಹೊಣೆ ಹೊರುತ್ತಾರೆ, ನಿಮ್ಮ ಅಕೌಂಟ್ ಅದರ ಕೆಳಗೆ ಬರುತ್ತದೆ. ವಿಶ್ವವಿದ್ಯಾಲಯದ ಇಮೇಲ್ ವಿಳಾಸವನ್ನೇ ಬಳಸಿ. ಇಲ್ಲದಿದ್ದರೆ ಈ ವಾರವೇ ಮಾಡಿಸಿಕೊಳ್ಳಿ. ಜಿಮೇಲ್‌ನಿಂದ ಬಂದ ಒಳ್ಳೆ ಅರ್ಜಿಗಳು ವಾಪಸ್ ಹೋಗಿದ್ದನ್ನು ತುಂಬಾ ನೋಡಿದ್ದೇನೆ.

ಎಲ್ಲರೂ ಎಡವುವುದು ‘ಎಷ್ಟು ಸಮಯ ಬೇಕು’ ಎಂಬ ಕಾಲಂನಲ್ಲಿ. ಕೆಲವರು ಖಾಲಿ ಬಿಡುತ್ತಾರೆ, ಕೆಲವರು ಹತ್ತು ಲಕ್ಷ ಅಂತ ಗೀಚುತ್ತಾರೆ. ನಿಮ್ಮ ಹತ್ತಿರ ಲೆಕ್ಕ ಆಗಲೇ ಇದೆ. 8 ಕೋರ್, 19 ದಿನ, ದಿನಕ್ಕೆ 24 ಗಂಟೆ: ಗುಣಿಸಿದರೆ 3,648 ಕೋರ್-ಗಂಟೆ. ಅದರಲ್ಲಿ 60 ನ್ಯಾನೊಸೆಕೆಂಡ್ ಮುಗಿದಿದೆ. ಅಂದರೆ 100ಕ್ಕೆ 6,080. ಎರಡು ಪ್ರೋಟೀನ್, ಒಂದೊಂದನ್ನೂ ಮೂರು ಸಲ ಓಡಿಸಬೇಕು, ಒಟ್ಟು ಆರು ಓಟ: 36,480. ತಪ್ಪಿದ್ದು, ಮತ್ತೆ ಮಾಡಿದ್ದು ಅಂತ ಶೇ. 20 ಸೇರಿಸಿ. ಹತ್ತಿರ ಹತ್ತಿರ 44,000 ಆಯಿತು. ಈ ಲೆಕ್ಕವನ್ನು ಹೀಗೇ, ಸಾಲು ಸಾಲಾಗಿ ಅರ್ಜಿಯಲ್ಲಿ ಬರೆಯಿರಿ. ಅಲ್ಲಿನ ಪ್ರೊಸೆಸರ್ ಬೇರೆ, ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಪರವಾಗಿಲ್ಲ. ಓದುವವರಿಗೆ ಬೇಕಿರುವುದು ನೀವು ಅಳೆದು ನೋಡಿದ್ದೀರಿ ಎಂಬ ನಂಬಿಕೆ. ಇಂಥ ಅರ್ಜಿ ಕೈಗೆ ಬಂದ ದಿನ ನನಗೆ ನಿಜಕ್ಕೂ ಖುಷಿಯಾಗುತ್ತಿತ್ತು.

ಒಂದು ಮಾತು ನೆನಪಿರಲಿ. ಪ್ರವೇಗ ಅನೇಕ ಕಂಪ್ಯೂಟರ್‌ಗಳ ಜೋಡಣೆ, ಒಂದೊಂದಕ್ಕೂ ನೋಡ್ ಅನ್ನುತ್ತಾರೆ. ಅದರ ಒಂದು ಸಾಮಾನ್ಯ ನೋಡ್‌ನಲ್ಲಿ 48 ಕೋರ್. 6,080ನ್ನು 48ರಿಂದ ಭಾಗಿಸಿದರೆ ಒಂದು ಓಟಕ್ಕೆ ಸುಮಾರು 127 ಗಂಟೆ, ಐದು ದಿನಕ್ಕಿಂತ ಜಾಸ್ತಿ. ಒಂದೇ ಏಟಿಗೆ ಅಷ್ಟು ದಿನ ಸಿಗುವುದು ಕಷ್ಟ. ಹಾಗಾಗಿ ಓಟವನ್ನು ತುಂಡು ಮಾಡಿ, ಮೇಲೆ ಹೇಳಿದ ಸಿಪಿಟಿ ಫೈಲಿನಿಂದ ಮುಂದುವರಿಸುವುದನ್ನು ಲ್ಯಾಬಿನಲ್ಲೇ ಕಲಿತುಕೊಂಡು ಹೋಗಿ.

ಪ್ರಶ್ನೆ: ಸೂಪರ್ ಕಂಪ್ಯೂಟರಿಗೆ ಜಾಬ್ (ಓಡಿಸಬೇಕಾದ ಕೆಲಸ) ಹಾಕಿ ಮೂರು ದಿನ ಆಯಿತು. ಹೋದ ಸಲದ ಓಟ 7 ಗಂಟೆಯಲ್ಲಿ ಮುಗಿದಿತ್ತು. ‘ಪಿಡಿ’ ಅಂತಲೇ ತೋರಿಸುತ್ತಿದೆ. ಸಪೋರ್ಟ್‌ನವರಿಗೆ ಮೂರು ಮೇಲ್ ಹಾಕಿದೆ: ‘ಮೈ ಜಾಬ್ ಈಸ್ ನಾಟ್ ರನ್ನಿಂಗ್, ಪ್ಲೀಸ್ ಡು ದಿ ನೀಡ್‌ಫುಲ್.’ ಉತ್ತರವೇ ಇಲ್ಲ. ನನ್ನ ಸ್ಕ್ರಿಪ್ಟ್ (ಜಾಬಿನ ವಿವರ ಬರೆದ ಫೈಲ್) ಲಗತ್ತಿಸಿದ್ದೇನೆ. (ಓದುಗರು, ಮೈಸೂರು)

ಉತ್ತರ: ಪಿಡಿ ಅಂದರೆ ಪೆಂಡಿಂಗ್. ಯಂತ್ರ ಕೆಟ್ಟಿಲ್ಲ, ನಿಮ್ಮ ಜಾಬ್ ಸಾಲಿನಲ್ಲಿ ನಿಂತಿದೆ. ಸಾಲನ್ನು ನಡೆಸುವುದು ಸ್ಲರ್ಮ್ ಎಂಬ ತಂತ್ರಾಂಶ. ‘ಎಸ್-ಕ್ಯೂ’ (squeue) ಕಮ್ಯಾಂಡ್ ಕೊಟ್ಟಾಗ ಬರುವ ಕೊನೆಯ ಕಾಲಂ ಓದಿ. ಕಾರಣ ಅಲ್ಲೇ ಬರೆದಿರುತ್ತದೆ. ‘ಪ್ರಯಾರಿಟಿ’ ಅಂದರೆ ನಿಮಗಿಂತ ಮುಂದೆ ಬೇರೆಯವರಿದ್ದಾರೆ. ‘ರಿಸೋರ್ಸಸ್’ ಅಂದರೆ ನಿಮ್ಮ ಸರದಿ ಹತ್ತಿರ ಬಂದಿದೆ, ನೋಡ್ ಖಾಲಿಯಾಗಬೇಕು. ‘ಕ್ಯೂಒಎಸ್’ ಎಂದು ಶುರುವಾದರೆ ನಿಮ್ಮ ಪಾಲಿನ ಮಿತಿ ಮುಟ್ಟಿದ್ದೀರಿ. ‘ರಿಕ್ವೆಸ್ಟೆಡ್ ನೋಡ್ ನಾಟ್ ಅವೈಲಬಲ್’ ಎಂಬ ಅರ್ಥದ ಸಾಲು ಬಂದರೆ, ಎಷ್ಟೋ ಸಲ ಮುಂದೆ ಮೇಂಟೆನೆನ್ಸ್ ಇರುತ್ತದೆ. ನೀವು ಕೇಳಿದ ಅವಧಿ ಅದರ ಮೇಲೆ ಹಾಯುವುದರಿಂದ ಬಿಡುತ್ತಿಲ್ಲ. ಅವಧಿ ಇಳಿಸಿದರೆ ಬಿಡಬಹುದು.

ಈಗ ನಿಮ್ಮ ಸ್ಕ್ರಿಪ್ಟ್. 10 ನೋಡ್, 4 ದಿನ ಅಂತ ಕೇಳಿದ್ದೀರಿ. ಹೋದ ಸಲದ ಓಟ ಮುಗಿದಿದ್ದು 7 ಗಂಟೆಯಲ್ಲಿ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ 4 ದಿನ ಯಾಕೆ?

ಊರಿನ ಮದುವೆ ಛತ್ರ ನೆನೆಸಿಕೊಳ್ಳಿ. ಶನಿವಾರ ಭಾನುವಾರ ದೊಡ್ಡ ಮದುವೆಗೆ ಬುಕ್ ಆಗಿದೆ. ಶುಕ್ರವಾರ ಖಾಲಿ. ನಾಮಕರಣಕ್ಕೆ ಬೆಳಿಗ್ಗೆ ನಾಲ್ಕು ಗಂಟೆ ಸಾಕು ಅಂದವರಿಗೆ ಮ್ಯಾನೇಜರ್ ತಕ್ಷಣ ಕೀಲಿ ಕೊಡುತ್ತಾರೆ. ಅದೇ ನಾಮಕರಣಕ್ಕೆ ನಾಲ್ಕು ದಿನ ಬೇಕು ಅಂದರೆ ಕೊಡೋಕಾಗುತ್ತಾ? ಸ್ಲರ್ಮ್ ಕೂಡ ಹೀಗೇ ಮಾಡುತ್ತದೆ. ದೊಡ್ಡ ಜಾಬಿಗೆ ನೋಡ್ ಒಟ್ಟು ಮಾಡುವಾಗ ನಡುವೆ ಉಳಿಯುವ ಬಿಡುವಿಗೆ ಸಣ್ಣ ಜಾಬ್‌ಗಳನ್ನು ತೂರಿಸುತ್ತದೆ. ಇದಕ್ಕೆ ಬ್ಯಾಕ್‌ಫಿಲ್ ಅನ್ನುತ್ತಾರೆ. ನೀವು ಬರೆದ ಅವಧಿ ನೋಡಿಯೇ ಅದು ತೀರ್ಮಾನ ಮಾಡುವುದು. 10 ಗಂಟೆ ಕೇಳಿ, ಸಾಕು. 7ಕ್ಕಿಂತ ಕಡಿಮೆ ಮಾತ್ರ ಬೇಡ, ಅವಧಿ ಮುಗಿದ ಕೂಡಲೇ ಜಾಬನ್ನು ಕೊಂದುಬಿಡುತ್ತದೆ.

ಮೇಲ್ ವಿಷಯ. ಉತ್ತರ ಬಾರದಿದ್ದಾಗ ಸಿಟ್ಟು ಬರುವುದು ನನಗೆ ಗೊತ್ತು. ಆ ಕಡೆ ಕೂತವರ ಬೆಳಗೂ ಗೊತ್ತು. ನನ್ನ ಮೇಜಿನಲ್ಲಿ ಸೋಮವಾರ ಒಂಬತ್ತಕ್ಕೆ ನಲವತ್ತು ಮೇಲ್ ಇರುತ್ತಿದ್ದವು, ನೋಡುವವರು ಇಬ್ಬರು. ಜಾಬ್ ನಂಬರ್ ಇದ್ದ ಮೇಲನ್ನು ಐದು ನಿಮಿಷದಲ್ಲಿ ಮುಗಿಸಬಹುದಿತ್ತು. ‘ಓಡುತ್ತಿಲ್ಲ’ ಅಂತಷ್ಟೇ ಇದ್ದರೆ ಯಾವ ಜಾಬ್, ಯಾವ ಯಂತ್ರ ಅಂತ ವಾಪಸ್ ಕೇಳಬೇಕು. ಅಷ್ಟರಲ್ಲಿ ಮಧ್ಯಾಹ್ನ ಆಗುತ್ತಿತ್ತು. ಮೂರು ಸಲ ಹೊಸ ಮೇಲ್ ಹಾಕಿದರೆ ಮೂರು ಟಿಕೆಟ್ (ನಂಬರ್ ಹಾಕಿದ ದೂರು) ಆಗುತ್ತವೆ, ಬೇರೆ ಬೇರೆಯವರ ಕೈಗೆ ಹಂಚಿಹೋಗುತ್ತವೆ. ಹಳೆಯ ಟಿಕೆಟ್ ನಂಬರಿಗೇ ಉತ್ತರವಾಗಿ ಬರೆಯಿರಿ.

ನೀವು ಕಳಿಸಬೇಕಿದ್ದ ಮೇಲ್ ಹೀಗಿರಬೇಕಿತ್ತು. ಇಂಗ್ಲಿಷಿನಲ್ಲೇ ಕಳಿಸಿ, ತಿರುಳು ಇಲ್ಲಿದೆ:

‘ನನ್ನ ಯೂಸರ್ ಹೆಸರು ಇದು. ಜಾಬ್ ನಂಬರ್ ಇದು. ಸೋಮವಾರ ಬೆಳಿಗ್ಗೆ 11ಕ್ಕೆ ಹಾಕಿದೆ, ಇನ್ನೂ ಪೆಂಡಿಂಗ್. ಕಾರಣದ ಕಾಲಂನಲ್ಲಿ ಹೀಗೆ ಬರುತ್ತಿದೆ (ಅಕ್ಷರಕ್ಷರ ಕಾಪಿ ಮಾಡಿದ್ದೇನೆ). ಸ್ಕ್ರಿಪ್ಟ್ ಈ ಫೋಲ್ಡರಿನಲ್ಲಿದೆ. ಹೋದ ವಾರ ಇದೇ ಸ್ಕ್ರಿಪ್ಟ್ 2 ನೋಡ್‌ನಲ್ಲಿ ಓಡಿತ್ತು, ಈಗ 10 ಮಾಡಿದ್ದೇನೆ, ಬೇರೆ ಏನೂ ಬದಲಿಸಿಲ್ಲ. ಅವಧಿ ಇಳಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ.’

‘ಏನು ಬದಲಿಸಿದೆ’ ಎಂಬ ಸಾಲು ಮುಖ್ಯ. ಅರ್ಧಕ್ಕರ್ಧ ಸಮಸ್ಯೆ ಅಲ್ಲೇ ಸಿಕ್ಕಿಬೀಳುತ್ತದೆ, ಎಷ್ಟೋ ಸಲ ಬರೆಯುವಾಗ ನಿಮಗೇ ಹೊಳೆಯುತ್ತದೆ. ಮತ್ತೆ, ಪರದೆಯ ಫೋಟೋವನ್ನು ಫೋನಿನಲ್ಲಿ ತೆಗೆದು ಕಳಿಸಬೇಡಿ. ಫೋಟೋದಿಂದ ಫೋಲ್ಡರ್ ಹೆಸರು ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿ ಗಂಟೆಗಟ್ಟಲೆ ಕಳೆದಿದ್ದೇನೆ.

ಪ್ರಶ್ನೆ: ನಮ್ಮ ವಿಭಾಗಕ್ಕೆ ಒಂದು ಅಕೌಂಟ್ ಸಿಕ್ಕಿದೆ. ನಾಲ್ಕು ವಿದ್ಯಾರ್ಥಿಗಳು ಅದೇ ಪಾಸ್‌ವರ್ಡ್‌ನಲ್ಲಿ ಕೆಲಸ ಮಾಡುತ್ತಾರೆ. ಇದರಲ್ಲಿ ತಪ್ಪೇನಾದರೂ ಇದೆಯೇ? (ಉಪನ್ಯಾಸಕರು, ಕಲಬುರಗಿ)

ಉತ್ತರ: ಇದೆ ಸರ್, ಇವತ್ತೇ ನಿಲ್ಲಿಸಿ. 2020ರ ಮೇ ತಿಂಗಳಲ್ಲಿ ಯುರೋಪಿನ ಹಲವು ಸೂಪರ್ ಕಂಪ್ಯೂಟರ್‌ಗಳಿಗೆ ಕನ್ನ ಬಿತ್ತು. ಎಡಿನ್‌ಬರೋದ ಆರ್ಚರ್ ಯಂತ್ರವನ್ನು ಬಂದ್ ಮಾಡಿ, ಎಲ್ಲ ಬಳಕೆದಾರರ ಪಾಸ್‌ವರ್ಡ್ ಮತ್ತು ಎಸ್‌ಎಸ್‌ಎಚ್ ಕೀಲಿ (ಲಾಗಿನ್ ಆಗಲು ಗುರುತು ಹೇಳುವ ಫೈಲ್) ಹೊಸದಾಗಿ ಮಾಡಿಸಬೇಕಾಯಿತು. ಜರ್ಮನಿಯಲ್ಲೂ ಹಲವು ಕೇಂದ್ರಗಳು ಬಾಗಿಲು ಹಾಕಿದವು. ಕಳ್ಳರು ಒಳಗೆ ಬಂದಿದ್ದು ಕದ್ದ ಲಾಗಿನ್ ಹಿಡಿದುಕೊಂಡು. ಅಂದರೆ ಕೆಲವರ ಲಾಗಿನ್ ಕಳುವಾಗಿದ್ದು ಸಾವಿರಾರು ಜನರ ಕೆಲಸ ನಿಲ್ಲಿಸಿತು. ನಾಲ್ಕು ಜನ ಒಂದೇ ಹೆಸರಿನಲ್ಲಿ ಹೋದರೆ ತಪ್ಪು ಎಲ್ಲಿಂದ ಶುರುವಾಯಿತು ಅಂತ ಹುಡುಕುವುದೇ ಆಗುವುದಿಲ್ಲ. ಸಹಿ ಮಾಡಿದ ನಿಮ್ಮ ಕುತ್ತಿಗೆಗೆ ಬರುತ್ತದೆ.

ನಿಮ್ಮ ಪ್ರಾಜೆಕ್ಟಿನ ಕೆಳಗೆ ನಾಲ್ಕು ಅಕೌಂಟ್ ಕೇಳಿ. ಒಬ್ಬೊಬ್ಬರೂ ತಮ್ಮ ಲ್ಯಾಪ್‌ಟಾಪಿನಲ್ಲಿ ಕೀಲಿ ಮಾಡಿಕೊಳ್ಳಲಿ, ಅದಕ್ಕೆ ಪಾಸ್‌ಫ್ರೇಸ್ (ಕೀಲಿಯದೇ ಪಾಸ್‌ವರ್ಡ್) ಹಾಕಲಿ. ಫೈಲ್ ಹಂಚಿಕೊಳ್ಳಲು ಗ್ರೂಪ್ ಫೋಲ್ಡರ್ ಕೇಳಿದರೆ ಮಾಡಿಕೊಡುತ್ತಾರೆ. ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೊರಟ ದಿನ ಅಕೌಂಟ್ ಮುಚ್ಚಿಸಿ.

ಪ್ರಶ್ನೆ: ಹಳೆಯ ಕೈಪಿಡಿಯೊಂದು ‘ಗ್ರಿಡ್ ಸರ್ಟಿಫಿಕೇಟ್ ಪಡೆಯಿರಿ’ ಅನ್ನುತ್ತದೆ. ಈಗಲೂ ಬೇಕಾ? (ಓದುಗರು, ತುಮಕೂರು)

ಉತ್ತರ: ಪರಮ್ ಯಂತ್ರಗಳಿಗೆ ಬೇಡ. ನಿಮ್ಮ ಕೈಪಿಡಿ ಗರುಡ ಗ್ರಿಡ್ ಕಾಲದ್ದಿರಬೇಕು. ಗ್ರಿಡ್ ಅಂದರೆ ಬೇರೆ ಬೇರೆ ಊರಿನ ಕಂಪ್ಯೂಟರ್‌ಗಳನ್ನು ಜೋಡಿಸಿದ ಜಾಲ. ಆ ಯೋಜನೆಯನ್ನು ನಡೆಸಿದ್ದು ಸಿ-ಡ್ಯಾಕ್. ಮೊದಲ ಹಂತದಲ್ಲೇ 17 ಊರಿನ 45 ಸಂಸ್ಥೆಗಳನ್ನು ಜೋಡಿಸಿದ್ದರು. ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಕೇಳದೆ ಸ್ವಿಚ್ ಹಾಕುತ್ತೇವಲ್ಲ, ಹಾಗೆ ಲೆಕ್ಕದ ಶಕ್ತಿಯೂ ಸಿಗಬೇಕು ಅನ್ನುವುದು ಗ್ರಿಡ್‌ನ ಆಸೆ. ಊರೂರಿನ ಯಂತ್ರಗಳು ನಿಮ್ಮನ್ನು ನಂಬಬೇಕಾದ್ದರಿಂದ ಗುರುತಿನ ಸರ್ಟಿಫಿಕೇಟ್ ಬೇಕಿತ್ತು. ಅದು ಸಿಕ್ಕ ಮೇಲೂ, ಪ್ರತಿದಿನ ಅದರಿಂದ ಹನ್ನೆರಡು ಗಂಟೆ ಬಾಳುವ ಒಂದು ತಾತ್ಕಾಲಿಕ ಚೀಟಿ ಮಾಡಿಕೊಳ್ಳಬೇಕಿತ್ತು.

ಆಗಿನ ಒಂದು ಸಂಗತಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬ ಸಂಶೋಧಕಿಯ ಚೀಟಿಯನ್ನು ದೂರದ ಯಂತ್ರ ಒಪ್ಪುತ್ತಲೇ ಇರಲಿಲ್ಲ. ಎರಡು ದಿನ ಎಲ್ಲ ಫೈಲ್ ಜಾಲಾಡಿದೆವು. ಕೊನೆಗೆ ನೋಡಿದರೆ ಆಕೆಯ ಕಂಪ್ಯೂಟರಿನ ಗಡಿಯಾರ 20 ನಿಮಿಷ ಮುಂದಿತ್ತು. ಆ ಕಡೆಯ ಯಂತ್ರಕ್ಕೆ ಅದು ಇನ್ನೂ ಹುಟ್ಟದೇ ಇರುವ ಚೀಟಿ! ಅಂದಿನಿಂದ ಲಾಗಿನ್ ದೂರು ಬಂದಾಗೆಲ್ಲ ಗಡಿಯಾರವನ್ನೂ ಒಮ್ಮೆ ನೋಡಿಸುತ್ತೇನೆ. ನೀವೂ ನೋಡಿಕೊಳ್ಳಿ.

ಯುರೋಪಿನ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಕಣ ಪ್ರಯೋಗಗಳ ಜಗತ್ತಿನಲ್ಲಿ ಗ್ರಿಡ್ ಇವತ್ತಿಗೂ ಜೀವಂತವಾಗಿದೆ. ಮುಂಬೈನ ಟಿಐಎಫ್‌ಆರ್ ಮತ್ತು ಕೋಲ್ಕತ್ತಾದ ವಿಇಸಿಸಿ ಎಂಬ ಸಂಶೋಧನಾ ಸಂಸ್ಥೆಗಳು ಆ ಜಾಲದಲ್ಲಿವೆ. ನಿಮ್ಮ ಕೆಲಸ ಅದಾಗಿದ್ದರೆ ನಿಮ್ಮ ಪ್ರಯೋಗದ ತಂಡವನ್ನೇ ಕೇಳಿ.

ಪ್ರಶ್ನೆ: ಎರಡು ತಿಂಗಳ ಫಲಿತಾಂಶ ಸೂಪರ್ ಕಂಪ್ಯೂಟರಿನ ಸ್ಕ್ರ್ಯಾಚ್ ಫೋಲ್ಡರಿನಲ್ಲಿದೆ. ಕಾಲೇಜಿನ ಇಂಟರ್‌ನೆಟ್ ತುಂಬಾ ನಿಧಾನ, ಕಾಪಿ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲೇ ಬಿಟ್ಟರೆ ಆಗದಾ? (ಓದುಗರು, ಮಂಗಳೂರು)

ಉತ್ತರ: ಖಂಡಿತ ಬೇಡ. ಸ್ಕ್ರ್ಯಾಚ್ ಅಂದರೆ ಹೊಲದ ಕಣ ಇದ್ದಂತೆ. ಒಕ್ಕಣೆ ಅಲ್ಲಿ, ಕಾಳು ಇಡುವುದು ಮನೆಯಲ್ಲಿ. ಅಲ್ಲಿನ ಹಳೆಯ ಫೈಲ್‌ಗಳು ತಾವಾಗೇ ಅಳಿಯುವಂತೆ ವ್ಯವಸ್ಥೆ ಇರುತ್ತದೆ, ಬ್ಯಾಕಪ್ ಇರುವುದಿಲ್ಲ. ಅಳಿದ ಮೇಲೆ ಅಳುತ್ತಾ ಫೋನ್ ಮಾಡಿದವರಿಗೆ ‘ಇಲ್ಲಮ್ಮ, ಸಿಗಲ್ಲ’ ಅಂತ ಹೇಳುವುದು ನನ್ನ ಕೆಲಸದಲ್ಲೇ ಕಷ್ಟದ ಭಾಗವಾಗಿತ್ತು.

ಮೊದಲು ಯಾವುದು ಬೇಕೇ ಬೇಕು ಅಂತ ಆರಿಸಿ. ಇನ್‌ಪುಟ್ ಫೈಲ್, ಸ್ಕ್ರಿಪ್ಟ್, ಕೊನೆಯ ಫಲಿತಾಂಶ ಮೊದಲು ಹೋಗಲಿ. ಮಾಮೂಲಿ ಕಾಪಿ ಬಿಟ್ಟು ಆರ್‌ಸಿಂಕ್ (rsync) ಕಮ್ಯಾಂಡ್ ಬಳಸಿ, ‘ಪಾರ್ಶಿಯಲ್’ (--partial) ಆಯ್ಕೆ ಜೊತೆಗಿರಲಿ. ರಾತ್ರಿ ಕಾಲೇಜಿನ ಲೈನ್ ಖಾಲಿಯಾದ ಮೇಲೆ ಹಚ್ಚಿಬಿಟ್ಟು ಮನೆಗೆ ಹೋಗಿ. ನಡುವೆ ಲೈನ್ ಕಡಿದರೆ ಬೆಳಿಗ್ಗೆ ಬಂದು ಅದೇ ಕಮ್ಯಾಂಡ್ ಇನ್ನೊಮ್ಮೆ ಕೊಡಿ, ಬಂದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮಾತ್ರ ತರುತ್ತದೆ.